ಲಿನಕ್ಸ್‌ನಲ್ಲಿ ಡಿಜಿಟಲ್ ಟಿವಿ ಟ್ಯೂನರ್ ಕಾರ್ಡ್ ಪರೀಕ್ಷಿಸುವುದು ಹೀಗೆ

ಮೊದಲೇ ಟಿವಿ ಆ್ಯಪ್ ತೆರೆಯಬೇಡಿ. ತಪ್ಪು ಎಲ್ಲಿದೆ ಎಂದು ತಿಳಿಯುವುದಿಲ್ಲ. ಟರ್ಮಿನಲ್‌ನಿಂದಲೇ ಶುರು ಮಾಡಿ.

ಕಾರ್ಡ್ ಒಳಗಿನದಾದರೆ ಎಲ್ಎಸ್‌ಪಿಸಿಐ (lspci), ಯುಎಸ್‌ಬಿಯದಾದರೆ ಎಲ್ಎಸ್‌ಯುಎಸ್‌ಬಿ (lsusb) ಕಮಾಂಡ್‌ನ ಪಟ್ಟಿಯಲ್ಲಿ ಅದು ಕಾಣಬೇಕು. ಕಂಡರೂ ಡೆವ್ ಡೈರೆಕ್ಟರಿಯೊಳಗೆ 'ಡಿವಿಬಿ' ಫೋಲ್ಡರ್ (/dev/dvb) ಇಲ್ಲವೆಂದರೆ ಕರ್ನಲ್ ಲಾಗ್, ಅಂದರೆ ಲಿನಕ್ಸ್‌ನ ಒಳಗಿನ ಸಂದೇಶಗಳ ದಾಖಲೆ (dmesg ಕಮಾಂಡ್), ನೋಡಿ. ಫರ್ಮ್‌ವೇರ್ (ಕಾರ್ಡಿನ ಚಿಪ್ ನಡೆಯಲು ಬೇಕಾದ ಸಾಫ್ಟ್‌ವೇರ್ ಫೈಲ್) ಬಗೆಗಿನ ಸಾಲಿನ ಕೊನೆಗೆ ಎರರ್ -2 ಇದ್ದರೆ ಆ ಫೈಲೇ ಸಿಕ್ಕಿಲ್ಲ ಎಂದರ್ಥ. ಲಾಗ್‌ನಲ್ಲಿರುವ ಹೆಸರಿನ ಫೈಲನ್ನೇ ಲಿಬ್ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ (/lib/firmware) ಹಾಕಿ, ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಬರೀ ರೀಸ್ಟಾರ್ಟ್ ಮಾಡಿದರೆ ಕೆಲವು ಕಾರ್ಡ್‌ಗಳ ಚಿಪ್ ಹಳೆಯ ಸ್ಥಿತಿಯಲ್ಲೇ ಉಳಿಯುತ್ತದೆ.

'ಪರ್ಮಿಷನ್ ಡಿನೈಡ್' ಬಂದರೆ ನಿಮ್ಮ ಯೂಸರನ್ನು 'ವಿಡಿಯೊ' ಗ್ರೂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ. 'ಬ್ಯುಸಿ' ಎಂದರೆ ಬೇರೆ ಯಾವುದೋ ಪ್ರೋಗ್ರಾಂ, ಹೆಚ್ಚಾಗಿ ಹಿನ್ನೆಲೆಯ ರೆಕಾರ್ಡಿಂಗ್ ಸರ್ವರ್, ಟ್ಯೂನರ್ ಹಿಡಿದುಕೊಂಡಿದೆ.

ಆಮೇಲೆ ಚಾನೆಲ್ ಹುಡುಕುವ ಡಿವಿಬಿವಿ5-ಸ್ಕ್ಯಾನ್ (dvbv5-scan) ಕಮಾಂಡ್ ಓಡಿಸಿ, ಸಿಕ್ಕ ಪಟ್ಟಿಯಿಂದ ಒಂದು ಚಾನೆಲ್ಲಿಗೆ ಡಿವಿಬಿವಿ5-ಜ್ಯಾಪ್ (dvbv5-zap) ಮೂಲಕ ಟ್ಯೂನ್ ಮಾಡಿ. ಇಲ್ಲಿ 'ಲಾಕ್' ಬರುವುದೇ, ಅಂದರೆ ಟ್ಯೂನರ್ ಸಿಗ್ನಲನ್ನು ಹಿಡಿದುಕೊಳ್ಳುವುದೇ, ಮುಖ್ಯ. ಸಿಗ್ನಲ್ ಶೇಕಡಾವಾರನ್ನು ನಂಬಬೇಡಿ, ಡ್ರೈವರಿನಿಂದ ಡ್ರೈವರಿಗೆ ಅದರ ಅಳತೆ ಬೇರೆ. ಲಾಕ್ ಇದ್ದೂ ಚಿತ್ರ ಚೌಕಚೌಕವಾಗಿ ಒಡೆದರೆ ಬಿಟ್ ಎರರ್ (ತಪ್ಪಾಗಿ ಬಂದ ಡೇಟಾದ ಲೆಕ್ಕ) ನೋಡಿ. ಏರುತ್ತಿದ್ದರೆ ಕೇಬಲ್ ಕನೆಕ್ಟರ್, ಆಂಟೆನಾ ದಿಕ್ಕು ಪರೀಕ್ಷಿಸಿ. ಬೂಸ್ಟರ್ ಇದ್ದರೆ ಒಮ್ಮೆ ತೆಗೆದೂ ನೋಡಿ, ಸಿಗ್ನಲ್ ಅತಿಯಾದರೂ ಇದೇ ಗತಿ. ಎರರ್ ಸೊನ್ನೆ, ಚಿತ್ರ ಮಾತ್ರ ಇಲ್ಲ ಎಂದರೆ ಚಾನೆಲ್ ಎನ್‌ಕ್ರಿಪ್ಟ್ ಆಗಿರಬಹುದು. ಕಾರ್ಡನ್ನು ದೂರುವ ಮೊದಲು ಉಚಿತ ಚಾನೆಲ್ ಹಾಕಿ ನೋಡಿ.