ಮೊಸಳೆ, ನಾಯಿ, ಹದ್ದುಗಳ ನಡುವೆ ಬಲೆಗೆ ಸಿಕ್ಕ ನೀರಹಕ್ಕಿಯನ್ನು ಬಿಡಿಸುವ ಬಗೆ

ಕಾವೇರಿ, ಕಬಿನಿ, ತುಂಗಭದ್ರಾ, ಕೃಷ್ಣಾ, ಕಾಳಿ ನದಿಗಳ ದಡದಲ್ಲಿಯೂ ನಮ್ಮ ಊರಕೆರೆಗಳಲ್ಲಿಯೂ ಹರಿದ ನೈಲಾನ್ ಬಲೆಗಳು ಮುಳ್ಳುಕಂಟಿಗೋ ಬಂಡೆಗೋ ಸಿಕ್ಕಿಕೊಂಡು ತಿಂಗಳುಗಟ್ಟಲೆ ಉಳಿದುಬಿಡುತ್ತವೆ. ಕಣ್ಣಿಗೆ ಬೀಳದಷ್ಟು ಸಣ್ಣ ನೂಲಿನ ಈ ಬಲೆಗಳಲ್ಲಿ ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಕೊಳದ ಬಕ, ಬಣ್ಣದ ಕೊಕ್ಕರೆಗಳು ಕಾಲನ್ನೋ ರೆಕ್ಕೆಯನ್ನೋ ಸಿಕ್ಕಿಸಿಕೊಂಡು ಒದ್ದಾಡುತ್ತವೆ. ಆ ಒದ್ದಾಟ ಕಾಗೆ, ಹದ್ದು, ಬೀದಿನಾಯಿಗಳನ್ನು ಕರೆತರುತ್ತದೆ; ಮೊಸಳೆಯಿರುವ ನೀರಾದರೆ ಅದನ್ನೂ ಕರೆತರುತ್ತದೆ. ಇಂಥ ಸ್ಥಳದಲ್ಲಿ ನೆನಪಿಡಬೇಕಾದ ಮುಖ್ಯ ಕ್ರಮವೆಂದರೆ, ಸಿಕ್ಕು ಬಿಡಿಸುತ್ತ ಅಲ್ಲಿಯೇ ಕೂರದೆ, ಹಕ್ಕಿಯ ಮೈಮೇಲಿನ ಬಲೆಯನ್ನು ಹಾಗೆಯೇ ಬಿಟ್ಟು, ಅದನ್ನು ಹಿಡಿದಿರುವ ಎಳೆಗಳನ್ನು ಮಾತ್ರ ಕತ್ತರಿಸಿ, ಹಕ್ಕಿಯನ್ನು ಬಲೆಯ ತುಂಡಿನೊಂದಿಗೆ ಸುರಕ್ಷಿತ ಜಾಗಕ್ಕೆ ಒಯ್ಯುವುದು.

ಅದಕ್ಕೂ ಮೊದಲು, ನಾವು ಕೈಹಾಕಬೇಕೇ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟಿನಲ್ಲಿ ಗೂಡಿನಿಂದ ಜಾರಿ ನೀರಿಗೆ ಬಿದ್ದ ಮರಿಯನ್ನು ಮೊಸಳೆ ಹಿಡಿಯುವುದು ನದಿಯ ಸಹಜ ಬದುಕಿನ ಭಾಗ. ಅದನ್ನು ತಡೆಯುವುದು ನಮ್ಮ ಕೆಲಸವಲ್ಲ. ಮನುಷ್ಯನು ಬಿಟ್ಟುಹೋದ ಬಲೆಗೆ ಸಿಕ್ಕ ಹಕ್ಕಿಯ ವಿಷಯ ಬೇರೆ. ಅದು ತಪ್ಪಿಸಿಕೊಳ್ಳುವ ಅವಕಾಶವನ್ನು ನಾವೇ ಕಿತ್ತುಕೊಂಡಿರುವುದರಿಂದ ಅಲ್ಲಿ ನಮಗೆ ಹೊಣೆಯಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಆದರೆ ಸುತ್ತಮುತ್ತ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಯಾವುದನ್ನೂ ಮುಟ್ಟಬಾರದು; ಹಕ್ಕಿಜ್ವರದ ಸಾಧ್ಯತೆ ಇರುವುದರಿಂದ ಪಶುಸಂಗೋಪನಾ ಇಲಾಖೆಗೆ ತಿಳಿಸಿ ದೂರ ಸರಿಯಬೇಕು.

ಮೊಸಳೆಯಿರುವ ನೀರಿನ ಬಗ್ಗೆ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕರುಣೆಯ ಭರದಲ್ಲಿ ಜನ ಎಡವುವುದು ಇಲ್ಲಿಯೇ. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುವ ಮೊಸಳೆ ನಮಗೆ ಕಾಣುತ್ತದೆ. ಅಪಾಯವಿರುವುದು ಕಾಣದ ಮೊಸಳೆಯಿಂದ. ಮಣ್ಣು ಕಲಕಿದ ನೀರಿನಲ್ಲಿ ಮೂಗಿನ ತುದಿ, ಕಣ್ಣುಗಳನ್ನಷ್ಟೇ ಹೊರಗಿಟ್ಟು, ಕೆಲವೊಮ್ಮೆ ಅವನ್ನೂ ಮುಳುಗಿಸಿ, ಅದು ಬಹಳ ಹೊತ್ತು ಅಲುಗದೆ ಇರಬಲ್ಲದು. ನೀರಿನಂಚಿನಲ್ಲಿ ಬಗ್ಗಿದವರ ಮೇಲೆ ಕ್ಷಣಮಾತ್ರದಲ್ಲಿ ಎರಗಬಲ್ಲದು. ಫೆಬ್ರವರಿಯಿಂದ ಜೂನ್‌ವರೆಗಿನ ತಿಂಗಳುಗಳಲ್ಲಿ, ಅಂದರೆ ಕೊಕ್ಕರೆಗಳು ಮರಿ ಮಾಡಿಕೊಂಡಿರುವ ಕಾಲದಲ್ಲಿಯೇ, ಹೆಣ್ಣು ಮೊಸಳೆಗಳೂ ದಡದ ಮರಳಿನಲ್ಲಿ ಮೊಟ್ಟೆಯಿಟ್ಟು ಕಾಯುವುದರಿಂದ ದಡವೂ ನಿರಾಪದವಲ್ಲ. ಆದ್ದರಿಂದ ಹಕ್ಕಿ ನೀರಿನಲ್ಲಿಯೋ ನೀರಿನಂಚಿನಲ್ಲಿಯೋ ಇದ್ದರೆ ಮೊಣಕಾಲುದ್ದದ ನೀರಿಗೂ ಇಳಿಯಬೇಡಿ. ಹರಿಗೋಲಿನಲ್ಲಿ ಕುಳಿತು ಕೈ ಚಾಚುವುದು ಇನ್ನೂ ಅಪಾಯಕಾರಿ, ಏಕೆಂದರೆ ಅದರ ಅಂಚು ನೀರಿನಿಂದ ಹೆಚ್ಚು ಮೇಲಿರುವುದಿಲ್ಲ. ಬಲೆಯನ್ನು ದಡಕ್ಕೆ ಎಳೆದುಕೊಳ್ಳಲೂ ಹೋಗಬೇಡಿ. ಹಕ್ಕಿಯನ್ನು ಹಿಂಬಾಲಿಸಿದ ಮೊಸಳೆ ನಿಮ್ಮ ಕಾಲಬುಡಕ್ಕೇ ಬಂದೀತು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆಮಾಡಿ, ನೀರಿನಂಚಿನಿಂದ ಕನಿಷ್ಠ ಐದು ಮೀಟರ್ ಹಿಂದೆ ನಿಂತು, ಜಾಗವನ್ನು ಗುರುತಿಟ್ಟುಕೊಂಡು, ನೆರೆದವರನ್ನೂ ಹಿಂದೆ ಸರಿಸುವುದಷ್ಟೇ ಆಗ ನಿಮ್ಮ ಪಾಲಿನ ಕೆಲಸ. ಸಿಬ್ಬಂದಿ ಬರುವ ಮೊದಲೇ ಹಕ್ಕಿ ಸಾಯಬಹುದು. ಅದು ನೋವಿನ ಸಂಗತಿಯೇ, ಆದರೂ ನೀರಿಗಿಳಿಯಲು ಅದು ಕಾರಣವಾಗಲಾರದು.

ಮೊಸಳೆಯಿಲ್ಲದ ಕೆರೆಯಂಗಳದಲ್ಲಿಯೋ ನೀರಿನಿಂದ ದೂರದ ಒಣನೆಲದಲ್ಲಿಯೋ ಹಕ್ಕಿ ಸಿಕ್ಕಿಕೊಂಡಿದ್ದರೆ ಇಬ್ಬರು ಸೇರಿ ಕೆಲಸಕ್ಕೆ ತೊಡಗಬಹುದು. ಒಬ್ಬರ ಕೈ ಹಕ್ಕಿಯ ಮೇಲಿದ್ದರೆ ಇನ್ನೊಬ್ಬರ ಕಣ್ಣು ಸುತ್ತಲಿನ ಮೇಲಿರಬೇಕು. ಕಾಗೆ, ಹದ್ದುಗಳು ಮನುಷ್ಯರು ಹತ್ತಿರ ನಿಂತರೆ ಸಾಮಾನ್ಯವಾಗಿ ದೂರ ಸರಿಯುತ್ತವೆ. ಒಂದು ಕೊಡೆಯನ್ನು ಬಿಚ್ಚಿ ಹಕ್ಕಿಯ ಮೇಲೆ ಹಿಡಿದರೆ ಹದ್ದಿನ ಎರಗುವಿಕೆಯೂ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. ನಾಯಿಗಳಿಗೆ ಕಲ್ಲು ಬೀರಿದರೆ ಅವು ಕೆರಳುತ್ತವೆ, ಹಕ್ಕಿಯೂ ಗಾಬರಿಯಿಂದ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಆ ಬೀದಿಯಲ್ಲಿ ಅವುಗಳಿಗೆ ದಿನವೂ ಅನ್ನ ಹಾಕುವವರಿದ್ದರೆ ಅವರನ್ನೇ ಕರೆಸಿ ತಿಂಡಿ ತೋರಿಸಿ ದೂರ ಕರೆದೊಯ್ಯಿಸುವುದು ಒಳ್ಳೆಯದು. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪುಗಳಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆ ಪಡೆಯಬೇಕು. ತೋಟದ ಬೇಲಿಗೆ ಕಟ್ಟಿದ ಬಲೆಯಾದರೆ ಕೈಹಾಕುವ ಮುನ್ನ ಅದರ ತಳವನ್ನು ಉದ್ದಕ್ಕೂ ನೋಡಿ, ಏಕೆಂದರೆ ಅಂಥ ಬಲೆಗಳಲ್ಲಿ ಕೇರೆಹಾವು, ನಾಗರಹಾವುಗಳೂ ಸಿಕ್ಕಿಕೊಂಡಿರುತ್ತವೆ.

ಹಕ್ಕಿಯ ಹತ್ತಿರ ಹಿಂಬದಿಯಿಂದ, ತಗ್ಗಿ, ಮಾತಿಲ್ಲದೆ ಹೋಗಬೇಕು. ದಪ್ಪ ಟವೆಲನ್ನು ತಲೆಯೂ ಸೇರಿದಂತೆ ಮೈಮೇಲೆ ಹೊದಿಸಿದರೆ, ಕಣ್ಣಿಗೆ ಕತ್ತಲಾದ ಹಕ್ಕಿ ಬೇಗ ತಣ್ಣಗಾಗುತ್ತದೆ. ಬಕ, ಬೆಳ್ಳಕ್ಕಿ, ಹಾವಕ್ಕಿಗಳು ಹೊಳೆಯುವ ವಸ್ತುವಿಗೆ, ಅಂದರೆ ನಿಮ್ಮ ಕಣ್ಣಿಗೇ, ನೇರವಾಗಿ ತಿವಿಯುತ್ತವೆ. ಮಡಚಿದ ಕತ್ತು ಬಿಚ್ಚಿಕೊಂಡಾಗ ಅದು ನೀವು ಎಣಿಸಿದ್ದಕ್ಕಿಂತ ಬಹಳ ಉದ್ದವಿರುತ್ತದೆ. ಕನ್ನಡಕ, ಕೈಗವಸು, ಮಾಸ್ಕ್ ಧರಿಸಿ, ತಲೆಯ ಹಿಂಭಾಗವನ್ನು ಮೊದಲು ಹಿಡಿಯಿರಿ. ತಿವಿತಕ್ಕೆ ಹೆದರಿ ಕೊಕ್ಕಿಗೆ ಟೇಪು ಸುತ್ತಬಾರದು: ನೀರುಕಾಗೆ, ಹಾವಕ್ಕಿಗಳಿಗೆ ತೆರೆದ ಮೂಗಿನ ಹೊಳ್ಳೆಗಳಿಲ್ಲದೆ ಅವು ಬಾಯಿಯಿಂದಲೇ ಉಸಿರಾಡುತ್ತವೆ. ಎದೆಯನ್ನು ಅಮುಕುವುದೂ ಅಷ್ಟೇ ಮಾರಕ. ಹಕ್ಕಿಗಳಿಗೆ ನಮ್ಮಂತೆ ಎದೆ, ಹೊಟ್ಟೆಗಳ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪೊರೆ, ಅಂದರೆ ವಪೆಯಿಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅವಕ್ಕೆ ಉಸಿರು. ರೆಕ್ಕೆಗಳನ್ನು ಮೈಗೆ ಮಡಚಿ, ಎರಡು ಬದಿಗಳಿಂದ ಸಡಿಲವಾಗಿ ಹಿಡಿದಿರಿ.

ಈಗ ಕತ್ತರಿ. ಮೊಂಡುತುದಿಯ ಕತ್ತರಿಯಿಂದ, ಹಕ್ಕಿಯಿಂದ ಒಂದು ಗೇಣು ಆಚೆ, ಬಲೆಯನ್ನು ಸುತ್ತಲೂ ಕತ್ತರಿಸಿ. ಕುಡುಗೋಲು, ಬ್ಲೇಡುಗಳು ಬೇಡ. ಹಕ್ಕಿಯನ್ನು ಗಾಳಿಕಿಂಡಿಯಿರುವ ರಟ್ಟಿನ ಪೆಟ್ಟಿಗೆಗೆ ಹಾಕಿ ನೆರಳಿಗೆ ಒಯ್ದ ಮೇಲೆ ಉಳಿದ ಎಳೆಗಳನ್ನು ನೋಡಬಹುದು. ಗಾಯವಾಗಿರದಿದ್ದರೆ ಕೊನೆಗೆ ಸಿಕ್ಕಿದ ಎಳೆಯನ್ನು ಮೊದಲು ತೆಗೆಯುತ್ತ ಬನ್ನಿ. ನೂಲು ಮಾಂಸಕ್ಕೆ ಇಳಿದು ಚರ್ಮ ಅದರ ಮೇಲೆ ಉಬ್ಬಿದ್ದರೆ ಎಳೆಯದೆ ಪಶುವೈದ್ಯರಿಗೆ ಬಿಡಿ. ಗಾಳದ ಕೊಕ್ಕೆ ನುಂಗಿರುವ ಹಕ್ಕಿಯ ಬಾಯಿಯಿಂದ ಹೊರಬಂದ ದಾರವನ್ನು ಬುಡಕ್ಕೆ ಕತ್ತರಿಸಿದರೆ ಅದು ಒಳಗೆ ಸೇರಿಹೋಗುತ್ತದೆ. ಉದ್ದಕ್ಕೆ ಬಿಟ್ಟರೆ ವೈದ್ಯರಿಗೆ ಕೊಕ್ಕೆಯ ಜಾಡು ಸಿಗುತ್ತದೆ. ನಾಲಿಗೆಯ ಬುಡದಲ್ಲಿಯೇ ಶ್ವಾಸನಾಳದ ಬಾಯಿ ಇರುವುದರಿಂದ ಕೊಕ್ಕು ತೆರೆದು ನೀರು ಹೊಯ್ಯಬಾರದು. ಹಾಲು, ಅನ್ನ ಯಾವುದೂ ಬೇಡ.

ಬಲೆ ಬಿಟ್ಟ ಕೂಡಲೇ ಹಕ್ಕಿಯನ್ನು ಹಾರಿಬಿಡುವ ಆಸೆ ಸಹಜ, ಆದರೆ ಬಿಗಿದ ನೂಲಿನಿಂದ ರಕ್ತಸಂಚಾರ ನಿಂತ ಕಾಲು ಎರಡು ಮೂರು ದಿನಗಳ ಬಳಿಕವೂ ಸಾಯಬಹುದು. ಉದ್ದ ಕಾಲಿನ ಕೊಕ್ಕರೆಗಳಲ್ಲಂತೂ ಒದ್ದಾಟದಿಂದಲೇ ಸ್ನಾಯುಗಳು ಹಾಳಾಗಿ, ಬಿಟ್ಟ ಮೇಲೆ ನಿಲ್ಲಲಾಗದೆ ಕುಸಿಯುವುದುಂಟು. ಬೆಕ್ಕೋ ನಾಯಿಯೋ ಬಾಯಿ ಹಾಕಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ಔಷಧ ಬೇಕು. ಹಾಗಾಗಿ ಅರಣ್ಯ ಸಿಬ್ಬಂದಿಗೋ ಬೆಂಗಳೂರಿನವರಾದರೆ ಅಲ್ಲಿನ ವನ್ಯಜೀವಿ ಪುನರ್ವಸತಿ ಕೇಂದ್ರಗಳಿಗೋ ಆದಷ್ಟು ಬೇಗ ಒಪ್ಪಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ಹಕ್ಕಿಯನ್ನು ಒಪ್ಪಿಸಿದ ಮೇಲೆ, ಬೆಳಕಿರುವಾಗಲೇ ಆ ಜಾಗಕ್ಕೆ ಮರಳಿ, ಒಣನೆಲದಲ್ಲಿ ಉಳಿದ ಬಲೆಯನ್ನು ಪೂರ್ತಿ ಸುತ್ತಿ ಗೋಣಿಚೀಲಕ್ಕೆ ತುಂಬಿ ತೆಗೆದುಕೊಂಡು ಬನ್ನಿ. ನೀರಿನೊಳಗೆ ಉಳಿದದ್ದನ್ನು ಅಲ್ಲಿನ ಮೀನುಗಾರರಿಗೂ ಅರಣ್ಯ ಸಿಬ್ಬಂದಿಗೂ ತೋರಿಸಿಕೊಡಿ.