ಚರ್ಮದ ಸ್ಲೈಡ್ ನೋಡುವ ಕ್ರಮ

ಚರ್ಮದ ಸ್ಲೈಡ್ ಕೈಗೆ ಬಂದ ಕೂಡಲೇ ಮೈಕ್ರೋಸ್ಕೋಪಿನ 40ಎಕ್ಸ್ (40 ಪಟ್ಟು ಹಿಗ್ಗಿಸುವ) ಲೆನ್ಸ್ ತಿರುಗಿಸಿದರೆ ಕಾಣುವುದು ಬರೀ ನೇರಳೆ ಚುಕ್ಕೆಗಳು. ಇಲ್ಲಿ ಕೋಶದ ಗುರುತು ಸಿಗುವುದು ಅದರ ಬಣ್ಣಕ್ಕಿಂತ ಹೆಚ್ಚಾಗಿ ಅದು ಕೂತ ಜಾಗದಿಂದ. ಹಾಗಾಗಿ 4ಎಕ್ಸ್‌ನಲ್ಲೇ ಶುರು ಮಾಡಿ.

ಅದಕ್ಕೂ ಮೊದಲು ದೂಳು. ಬಳ್ಳಾರಿ, ಸಂಡೂರು ಕಡೆಯ ಲ್ಯಾಬುಗಳಲ್ಲಿ ಅದಿರಿನ ಕೆಂಪು ಪುಡಿ ಲೆನ್ಸಿನ ಮೇಲೆ ಕೂತರೆ ಮೆಲನಿನ್ (ಚರ್ಮದ ಕಂದು ಬಣ್ಣದ ವಸ್ತು) ಎಂದು ಮೋಸಹೋಗುವುದು ಸುಲಭ. ಐಪೀಸ್ (ಕಣ್ಣಿಡುವ ಲೆನ್ಸ್) ತಿರುಗಿಸಿ, ಕಲೆಯೂ ತಿರುಗಿದರೆ ಅದು ಐಪೀಸಿನದು. ಸ್ಲೈಡ್ ಸರಿಸಿದಾಗ ಜೊತೆಗೇ ಸರಿದರೂ, ನ್ಯೂಕ್ಲಿಯಸ್ (ಕೋಶದೊಳಗಿನ ಗಾಢ ಬೀಜ) ಸ್ಪಷ್ಟವಾಗಿರುವಾಗ ಕಲೆ ಮಸುಕಾದರೆ ಅದು ಕವರ್‌ಸ್ಲಿಪ್ (ಸ್ಲೈಡ್ ಮುಚ್ಚುವ ತೆಳು ಗಾಜು) ಮೇಲಿನ ದೂಳು. ಮೊದಲು ಊದುಬುರುಡೆಯಿಂದ ಊದಿ, ಆಮೇಲೆ ಲೆನ್ಸ್ ಪೇಪರಿನಿಂದ ಒರೆಸಿ. ಅಂಗಿಯ ತುದಿಯಿಂದ ಉಜ್ಜಿದರೆ ಗೀರು ಬೀಳುತ್ತದೆ.

4ಎಕ್ಸ್‌ನಲ್ಲಿ ಒಂದೇ ಪ್ರಶ್ನೆ: ದಪ್ಪ ಚರ್ಮವೋ, ತೆಳು ಚರ್ಮವೋ? ಕೂದಲ ಬುಡ, ಎಣ್ಣೆ ಗ್ರಂಥಿ ಇದ್ದರೆ ತೆಳು. ಅವೆರಡೂ ಇಲ್ಲದೆ, ಮೇಲೆ ಗುಲಾಬಿ ಬಣ್ಣದ ದಪ್ಪ ಕಾರ್ನಿಯಂ (ಸತ್ತ ಕೋಶಗಳ ಹೊರ) ಪದರ ಕಂಡರೆ ಅಂಗೈ ಅಥವಾ ಅಂಗಾಲು.

ಈಗ 10ಎಕ್ಸ್, ಆಮೇಲೆ 40ಎಕ್ಸ್. ಎಪಿಡರ್ಮಿಸನ್ನು (ಚರ್ಮದ ಹೊರಪದರ) ಕೆಳಗಿನಿಂದ ಮೇಲಕ್ಕೆ ನೋಡಿ, ಏಕೆಂದರೆ ಕೋಶಗಳು ಹುಟ್ಟಿ ಮೇಲೇರುವುದೂ ಹಾಗೆಯೇ. ತಳದಲ್ಲಿ ಕಡುನೀಲಿ ನ್ಯೂಕ್ಲಿಯಸ್ಸಿನ ಒಂದು ಸಾಲು: ಬೇಸಲ್ ಪದರ. ಅದರ ಮೇಲೆ ಹಲವು ಸಾಲು ಸ್ಪೈನೋಸಮ್. ಕೋಶಗಳ ನಡುವೆ ಮುಳ್ಳಿನಂಥ ಗೆರೆಗಳು ಕಾಣಬೇಕು, ಕಾಣದಿದ್ದರೆ ಕಂಡೆನ್ಸರ್ ಡಯಾಫ್ರಮ್ (ಸ್ಲೈಡಿನ ಕೆಳಗೆ ಬೆಳಕು ಹೆಚ್ಚುಕಡಿಮೆ ಮಾಡುವ ಕಿಂಡಿ) ಸ್ವಲ್ಪ ಮುಚ್ಚಿ. ಆಮೇಲೆ ನೀಲಿ ಕಾಳು ತುಂಬಿದ ಗ್ರ್ಯಾನ್ಯುಲೋಸಮ್. ನೀರು ಹೊರಹೋಗದಂತೆ ತಡೆಯುವ ಕೊಬ್ಬು ಹೊರಸುರಿಯುವುದು ಈ ಮಟ್ಟದಲ್ಲಿ. ತುದಿಯ ಕಾರ್ನಿಯಂನಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ಕಾರ್ನಿಯಂನ ಕೆಳಗಿನ ತೆಳು ಲೂಸಿಡಮ್ ಪದರ ದಪ್ಪ ಚರ್ಮದಲ್ಲಷ್ಟೇ.

ಇವೆಲ್ಲ ಒಂದೇ ಕೆರಟಿನೋಸೈಟಿನ (ಕೆರಟಿನ್ ತಯಾರಿಸುವ ಕೋಶ) ಬೇರೆ ಬೇರೆ ವಯಸ್ಸುಗಳು. ಎಪಿಡರ್ಮಿಸ್ಸಿನ ಸುಮಾರು 90 ಶೇಕಡಾ ಕೋಶಗಳು ಅವೇ.

ಹೆಚ್ಚು ಜನ ಎಡವುವುದು ಮೆಲನಿನ್ ತಯಾರಿಸುವ ಮೆಲನೋಸೈಟಿನಲ್ಲಿ. ಅತಿ ಕಂದಾಗಿ ಕಾಣುವ ಕೋಶವನ್ನೇ ಅದೆಂದು ತೋರಿಸುತ್ತಾರೆ. ಅದು ಬಣ್ಣ ಪಡೆದ ಕೆರಟಿನೋಸೈಟ್! ಬಣ್ಣ ತಯಾರಿಸುವ ಕೋಶ ಬೇಸಲ್ ಸಾಲಿನಲ್ಲೇ, ಚಿಕ್ಕ ಗಾಢ ನ್ಯೂಕ್ಲಿಯಸ್ ಮತ್ತು ಸುತ್ತ ಬಿಳಿ ಖಾಲಿ ಜಾಗದೊಂದಿಗೆ ಇರುತ್ತದೆ. ಆ ಖಾಲಿ ಜಾಗ ಸ್ಲೈಡ್ ತಯಾರಿಸುವಾಗ ಕೋಶ ಕುಗ್ಗಿ ಆದದ್ದು. ನಮ್ಮ ಕಡೆಯವರ ಚರ್ಮದಲ್ಲಿ ಬೇಸಲ್ ಸಾಲು ಕಂದಾಗಿರುವುದು ಸಹಜ, ರೋಗವಲ್ಲ. ವಿದೇಶಿ ಅಟ್ಲಾಸಿನ ಬಿಳಿಚಿದ ಚಿತ್ರದೊಂದಿಗೆ ಹೋಲಿಸಿ ಗಾಬರಿಯಾಗಬೇಡಿ. ಮೈಬಣ್ಣ ಯಾವುದಾದರೂ ಮೆಲನೋಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಮೆಲನಿನ್ ಪೊಟ್ಟಣಗಳ ಗಾತ್ರ ಮತ್ತು ಹಂಚಿಕೆ.

ಲ್ಯಾಂಗರ್‌ಹಾನ್ಸ್ ಕೋಶ (ಚರ್ಮದ ರಕ್ಷಣಾ ಕೋಶ, 1868ರಲ್ಲಿ ಗುರುತಿಸಿದ್ದು ಗೋಲ್ಡ್ ಕ್ಲೋರೈಡ್ ಬಳಸಿ) ಮತ್ತು ಸ್ಪರ್ಶ ತಿಳಿಸುವ ಮರ್ಕೆಲ್ ಕೋಶಗಳನ್ನು ಸಾಮಾನ್ಯ ಎಚ್ ಅಂಡ್ ಇ (ಹೀಮಟಾಕ್ಸಿಲಿನ್, ಇಯೋಸಿನ್ ಬಣ್ಣ ಹಾಕಿದ) ಸ್ಲೈಡಿನಲ್ಲಿ ಖಚಿತವಾಗಿ ಹೇಳಲಾಗದು. ಮೊದಲನೆಯದಕ್ಕೆ ಸಿಡಿ1ಎ, ಎರಡನೆಯದಕ್ಕೆ ಸಿಕೆ20 ಎಂಬ ಪ್ರೋಟೀನ್ ಗುರುತಿಸುವ ವಿಶೇಷ ಬಣ್ಣ ಬೇಕು. ಕಂಡೆವೆಂದು ರೆಕಾರ್ಡಿನಲ್ಲಿ ಬರೆಯಬೇಡಿ.

ಎಪಿಡರ್ಮಿಸ್ಸಿನ ಕೆಳಗಿರುವ ಡರ್ಮಿಸ್ಸಿನಲ್ಲಿ ಮೇಲ್ಭಾಗದ ಪ್ಯಾಪಿಲರಿ ಪದರ ಸಡಿಲ, ಕೆಳಗಿನ ರೆಟಿಕ್ಯುಲರ್ ದಪ್ಪ ಕೊಲ್ಯಾಜನ್ (ನಾರಿನಂಥ ಪ್ರೋಟೀನ್) ಕಟ್ಟು. ಕಟ್ಟುಗಳ ನಡುವೆ ಕಾಣುವ ಸಣ್ಣ, ಉದ್ದನೆಯ ನ್ಯೂಕ್ಲಿಯಸ್ ಬಹುಪಾಲು ಆ ನಾರು ತಯಾರಿಸುವ ಫೈಬ್ರೊಬ್ಲಾಸ್ಟಿನದು. ಅಲರ್ಜಿಯಲ್ಲಿ ಪಾಲ್ಗೊಳ್ಳುವ ಮಾಸ್ಟ್ ಕೋಶ ಬೇಕೆಂದರೆ ಟೊಲುಯಿಡಿನ್ ಬ್ಲೂ ಬಣ್ಣ ಹಾಕಬೇಕು. ಎಪಿಡರ್ಮಿಸ್ಸಿನ ಮಧ್ಯೆ ದ್ವೀಪದಂತೆ ಡರ್ಮಿಸ್ ಕಂಡರೆ ಹೆದರಬೇಡಿ: ಅಲಗು ಓರೆಯಾಗಿ ಬಿದ್ದು ಪ್ಯಾಪಿಲಾ (ಎಪಿಡರ್ಮಿಸ್ಸಿನೊಳಗೆ ಚಾಚಿದ ಡರ್ಮಿಸ್ಸಿನ ಉಬ್ಬು) ಅಡ್ಡಕ್ಕೆ ಸೀಳಿದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ನಮ್ಮನ್ನು ತಂಪಾಗಿಡುವ ಬೆವರು ಗ್ರಂಥಿ ಡರ್ಮಿಸ್ಸಿನ ಆಳದಲ್ಲಿ ಉಂಡೆ ಸುತ್ತಿಕೊಂಡ ನಳಿಕೆ. ಸ್ಲೈಡಿನಲ್ಲಿ ಅದು ದುಂಡು ಚೂರುಗಳ ಗುಂಪಾಗಿ ಕಾಣುತ್ತದೆ. ಮಸುಕಾದ, ಅಗಲ ಚೂರು ಸ್ರವಿಸುವ ಭಾಗ. ಗಾಢವಾದ, ಎರಡು ಸಾಲು ಕೋಶಗಳದು ನಾಳ.

40ಎಕ್ಸ್ ಎಷ್ಟು ತಿರುಗಿಸಿದರೂ ಫೋಕಸ್ ಆಗದಿದ್ದರೆ ಸ್ಲೈಡ್ ಮಗುಚಿ ಇಟ್ಟಿದ್ದೀರಿ; ಕವರ್‌ಸ್ಲಿಪ್ ಮೇಲೆ ಬರಬೇಕು. ನೋಡಿ ಮುಗಿದ ಮೇಲೆ ಟ್ರೇಯನ್ನು ಬಿಸಿಲಿನ ಕಿಟಕಿ ಪಕ್ಕ ಬಿಡದೆ ಪೆಟ್ಟಿಗೆಗೆ ಸೇರಿಸಿ, ಬೆಳಕಿಗೆ ಬಣ್ಣ ಮಾಸುತ್ತದೆ.