ಪ್ರೋಟೀನ್ ಹರಳು ಸರಿಯಾಗಿ ಬರುತ್ತಿಲ್ವಾ? ಅಡಿಟಿವ್ ಹಾಕಿ ನೋಡಿ

ಪ್ರೋಟೀನಿನ ರಚನೆಯನ್ನು ಎಕ್ಸ್‌ರೇಯಿಂದ ತಿಳಿಯಬೇಕಾದರೆ ಮೊದಲು ಅದನ್ನು ಒಂದು ಪುಟ್ಟ ಹನಿಯಲ್ಲಿ ಹರಳಾಗಿಸಬೇಕು; ಹರಳು ಸುಧಾರಿಸಲಿ ಅಂತ ಆ ಹನಿಗೆ ಸ್ವಲ್ಪವೇ ಸೇರಿಸುವ ವಸ್ತುವೇ ಅಡಿಟಿವ್. ಹನಿಯಲ್ಲಿ ಏನೂ ಬಂದೇ ಇಲ್ಲ ಅಂದರೆ ಅಡಿಟಿವ್ ಕಡೆ ಈಗಲೇ ಓಡಬೇಡಿ. ಮೊದಲು ಪ್ರೋಟೀನ್ ಶುದ್ಧವಾಗಿದೆಯಾ, ಪಿಹೆಚ್ ಸರಿಯಿದೆಯಾ ನೋಡಿ. ಸೂಜಿಗಳ ಗೊಂಚಲೋ, ತೀರಾ ತೆಳ್ಳನೆಯ ತಟ್ಟೆಗಳೋ, ಲೆಕ್ಕವಿಲ್ಲದಷ್ಟು ಪುಡಿ ಹರಳುಗಳೋ ಬಂದಿವೆ, ಆದರೆ ಎಕ್ಸ್‌ರೇಗೆ ಇಡುವಷ್ಟು ಚೆನ್ನಾಗಿಲ್ಲ ಅಂದಾಗ ಇದರ ಸರದಿ.

ಹಾಕುವುದು ಸುಲಭ. 1 ಮೈಕ್ರೋಲೀಟರ್ ಪ್ರೋಟೀನ್, 0.8 ಮೈಕ್ರೋಲೀಟರ್ ರಿಸರ್ವಾಯರ್ ದ್ರಾವಣ (ಹನಿಯ ಜೊತೆ ಅದೇ ಮುಚ್ಚಿದ ಗುಳಿಯಲ್ಲಿಡುವ, ಹರಳು ಬರಿಸುವ ದ್ರಾವಣ), 0.2 ಮೈಕ್ರೋಲೀಟರ್ ಅಡಿಟಿವ್. ಅಡಿಟಿವ್ ಹನಿಯಲ್ಲಿ ಹತ್ತನೇ ಒಂದು ಭಾಗ ಆಗುವುದರಿಂದ ಅದರ ಸ್ಟಾಕ್ (ಮೊದಲೇ ಮಾಡಿಟ್ಟ ದ್ರಾವಣ) ಹನಿಯಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಗಟ್ಟಿಯಿರಲಿ. ಎಥನಾಲ್‌ನಂಥ ಆವಿಯಾಗುವ ವಸ್ತುವಾದರೆ ರಿಸರ್ವಾಯರಿಗೂ ಹಾಕಿ, ಇಲ್ಲದಿದ್ದರೆ ಹನಿಯಿಂದ ಹಾರಿಹೋಗುತ್ತದೆ. ಜೊತೆಗೆ ಅಡಿಟಿವ್ ಬದಲು ಬರೀ ನೀರು ಹಾಕಿದ ಒಂದು ಹನಿ ಇಡಿ. ಇದನ್ನು ಬಿಡುವವರೇ ಜಾಸ್ತಿ, ಆಮೇಲೆ ಹರಳು ಸುಧಾರಿಸಿದ್ದು ಅಡಿಟಿವ್‌ನಿಂದಲೋ, ಪ್ರೆಸಿಪಿಟೆಂಟ್ (ರಿಸರ್ವಾಯರ್ ದ್ರಾವಣದಲ್ಲಿರುವ, ಪ್ರೋಟೀನನ್ನು ನೀರಿನಿಂದ ಹೊರತಳ್ಳುವ ವಸ್ತು) ಸ್ವಲ್ಪ ಕಡಿಮೆಯಾಗಿದ್ದರಿಂದಲೋ ಗೊತ್ತಾಗುವುದಿಲ್ಲ.

ಯಾವುದನ್ನು ಹಾಕಬೇಕು? ನನ್ನ ಪ್ರಕಾರ ಮೊದಲು ನಿಮ್ಮ ಪ್ರೋಟೀನಿಗೆ ಅಂಟುವ ಅಣು, ಅಂದರೆ ಲಿಗ್ಯಾಂಡ್, ಅಥವಾ ಅದರ ಕೆಲಸ ತಡೆಯುವ ಇನ್ಹಿಬಿಟರ್. ಅದು ಕೂತರೆ ಅಲ್ಲಾಡುವ ಭಾಗಗಳು ಎಷ್ಟೋ ಸಲ ಒಂದೆಡೆ ನಿಲ್ಲುತ್ತವೆ, ಹರಳಿಗೆ ಬೇಕಾಗಿರುವುದೂ ಅದೇ ಅಲ್ವಾ. ಆಮೇಲೆ ಲೋಹದ ಅಯಾನುಗಳು: ಮೆಗ್ನೀಸಿಯಂ, ಕ್ಯಾಲ್ಸಿಯಂ, ಸತು, 5ರಿಂದ 10 ಮಿಲಿಮೋಲಾರ್ ಇದ್ದರೆ ಸಾಕು. ಫಾಸ್ಫೇಟ್ ಬಫರ್ (ಪಿಹೆಚ್ ಸ್ಥಿರವಾಗಿಡುವ ದ್ರಾವಣ) ಇದ್ದರೆ ಹುಷಾರು, ಅದು ಲೋಹದ ಜೊತೆ ಸೇರಿ ಪ್ರೋಟೀನಿನ ಬದಲು ಸುಂದರವಾದ ಉಪ್ಪಿನ ಹರಳು ಸಿಕ್ಕಿಬಿಡಬಹುದು. ಪ್ರೋಟೀನಿನಲ್ಲಿ ಸಿಸ್ಟೀನ್ (ಗಂಧಕವಿರುವ ಅಮೈನೋ ಆಮ್ಲ) ಜಾಸ್ತಿಯಿದ್ದರೆ, ಅವು ಒಂದಕ್ಕೊಂದು ಅಂಟದಂತೆ ತಡೆಯುವ ಡಿಟಿಟಿ ಅಥವಾ ಟಿಸೆಪ್. ಡಿಟಿಟಿ ಪಿಹೆಚ್ 8.5ರಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ, ನಿಮ್ಮ ಹನಿಯೋ ವಾರಗಟ್ಟಲೆ ಕೂರಬೇಕು, ಸತುವಿನ ಜೊತೆಗಂತೂ ಅದನ್ನು ಹಾಕಲೇಬೇಡಿ, ಎರಡೂ ಕೂಡಿಕೊಂಡು ತಳ ಸೇರುತ್ತವೆ. ಪುಡಿ ಹರಳುಗಳೇ ತಲೆನೋವಾಗಿದ್ದರೆ ಗ್ಲಿಸರಾಲ್ ಶೇಕಡಾ 5ರಿಂದ 10. ಹೊಸ ಹರಳು ಹುಟ್ಟುವುದನ್ನು ಅದು ತಗ್ಗಿಸುತ್ತದೆ, ಇರುವವು ದಪ್ಪಗಾಗುತ್ತವೆ. ಡಿಎನ್‌ಎ ಕೂಡಿದ ಪ್ರೋಟೀನಾದರೆ ಸ್ಪರ್ಮಿನ್ (ಡಿಎನ್‌ಎಗೆ ಅಂಟುವ, ಧನ ಆವೇಶದ ಸಣ್ಣ ಅಣು). ಮೈಗೆ ಮೈ ಅಂಟಿ ಮುದ್ದೆಯಾಗುವ ಪ್ರೋಟೀನಿಗೆ ಸ್ವಲ್ಪ ಡಿಟರ್ಜೆಂಟ್.

ಬಂದದ್ದು ಪ್ರೋಟೀನಾ ಉಪ್ಪಾ ಅನುಮಾನ ಬಂದರೆ ಒಂದು ಹರಳನ್ನು ಸೂಜಿಯಿಂದ ಒತ್ತಿ. ಪ್ರೋಟೀನಾದರೆ ಮೆತ್ತಗೆ ಪುಡಿಯಾಗುತ್ತದೆ, ಉಪ್ಪು ಟಕ್ ಅನ್ನುತ್ತದೆ. ಚೆಂದ ಕಂಡಿತು ಅಂತ ಸುಮ್ನೆ ಖುಷಿಪಡಬೇಡಿ, ಎಕ್ಸ್‌ರೇಗೆ ಇಟ್ಟು ನೋಡಿ. ಸುಧಾರಿಸಿದ್ದರೆ ಅದೇ ಅಡಿಟಿವನ್ನು ಅರ್ಧ ಮತ್ತು ಎರಡು ಪಟ್ಟು ಪ್ರಮಾಣದಲ್ಲೂ ಹಾಕಿ. ಏನು ಹಾಕಿದಿರಿ ಅಂತ ಬರೆದಿಡಿ. ಮುಂದೆ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ (ಪರಮಾಣುಗಳು ಎಲ್ಲಿವೆ ಅಂತ ತೋರಿಸುವ, ಎಕ್ಸ್‌ರೇಯಿಂದ ಸಿಗುವ ಚಿತ್ರ) ಗುರುತು ಸಿಗದ ಗುಡ್ಡೆ ಕಂಡರೆ ಅದು ನೀವೇ ಹಾಕಿದ ಸತುವೋ ಗ್ಲಿಸರಾಲೋ ಇರಬಹುದು.